ಗೋಧಿ ಬಿಯರ್ ಇರುವಾಗ ಕಹಿ ಬಿಯರ್ ಯಾಕೆ?

ತುಂಗಾತೀರ (ಶಿವಮೊಗ್ಗ):
ಹೋದ ವಾರ ಬೆಂಗಳೂರಲ್ಲಿ ಗೆಳೆಯರು ಅಲ್ಲೇ ಬಿಯರ್ ತಯಾರಿಸಿ ಕೊಡುವ ಮೈಕ್ರೋಬ್ರೂವರಿಗೆ ಕರೆದುಕೊಂಡು ಹೋದರು. ಸಣ್ಣ ಲೋಟಗಳಲ್ಲಿ ನಾಲ್ಕು ತರದ ಬಿಯರ್ ರುಚಿ ನೋಡಲು ಕೊಟ್ಟರು. ಹೆಫೆವೈಜನ್ ಅನ್ನುವ ಗೋಧಿ ಬಿಯರ್ ಮೊದಲ ಗುಟುಕಿಗೇ ಹಿಡಿಸಿತು. ಮಬ್ಬು ಬಣ್ಣ, ಮೇಲೆ ದಪ್ಪ ನೊರೆ. ಮೂಗಿನ ಹತ್ತಿರ ಹಿಡಿದರೆ ಮಾಗಿದ ಬಾಳೆಹಣ್ಣು, ಅದರ ಹಿಂದೆಯೇ ಲವಂಗ. ಆದರೆ ಐಪಿಎ (ಇಂಡಿಯಾ ಪೇಲ್ ಏಲ್) ಅನ್ನುವ ಕಹಿ ಬಿಯರ್ ಎರಡು ಗುಟುಕಿಗೇ ಪಕ್ಕಕ್ಕಿಟ್ಟೆ. ದುಡ್ಡು ಕೊಟ್ಟು ಕಷಾಯ ಯಾಕೆ ಕುಡಿಯಬೇಕು ಹೇಳಿ? ನಮ್ಮ ಕಡೆಯ ನಾಲಿಗೆಗೆ ಗೋಧಿ ಬಿಯರೇ ಸರಿ.

ಕಾಫಿತೋಟ (ಕೊಪ್ಪ):
ನಮ್ಮ ಕಡೆಯ ನಾಲಿಗೆ ಅಂದ್ರೆ ಯಾರದು ಮಾರಾಯ್ರೇ? ಹಾಗಲಕಾಯಿ ಮೆಣಸ್ಕಾಯಿ, ಒಂದೆಲಗದ ತಂಬುಳಿ ಉಂಡು ಬೆಳೆದವರು ನಾವು. ಚಿಕ್ಕವನಿದ್ದಾಗ ಅಪ್ಪನ ಲೋಟದಿಂದ ಡಿಕಾಕ್ಷನ್ ನೆಕ್ಕಿ ಉಗುಳಿದ್ದೆ. ಈಗ ಅದಿಲ್ಲದೆ ಬೆಳಗಾಗುವುದಿಲ್ಲ. ಐಪಿಎ ಕೂಡ ಹಾಗೇ. ಆ ಕಹಿ ಹಾಪ್ಸ್ ಹೂವಿನದು. ಅದೇ ಹೂವು ಕಿತ್ತಳೆ ಸಿಪ್ಪೆಯ, ಕೆಲವೊಮ್ಮೆ ಮಾವಿನ ಪರಿಮಳವನ್ನೂ ಕೊಡುತ್ತದೆ. ನನಗೆ ಅದು ಸಿಕ್ಕಿದ್ದು ಮೂರನೇ ಸಲ ಕುಡಿದಾಗ.

ಸಾಗರದವನು:
ಒಂದು ಡೌಟು. ಆ ಗೋಧಿ ಬಿಯರ್‌ಗೆ ಬಾಳೆಹಣ್ಣಿನ ಎಸೆನ್ಸ್ ಹಾಕ್ತಾರಂತೆ, ನಿಜವಾ?

ಹುದುಗು (ತೀರ್ಥಹಳ್ಳಿ):
ಇಲ್ಲ, ಅದು ಯೀಸ್ಟ್ ಮಾಡುವ ಕೆಲಸ. ಹುದುಗುವಾಗ ಐಸೊಅಮೈಲ್ ಅಸಿಟೇಟ್ ಅನ್ನುವ ವಸ್ತು ಹುಟ್ಟುತ್ತದೆ. ಬಾಳೆಹಣ್ಣಿನಲ್ಲಿರುವ ಪರಿಮಳವೂ ಅದರದೇ. 20 ಡಿಗ್ರಿ ದಾಟಿ ಬೆಚ್ಚಗಾದರೆ ಬಾಳೆ ಜಾಸ್ತಿ, ಸ್ವಲ್ಪ ತಂಪಿದ್ದರೆ ಲವಂಗ ಎದ್ದು ಬರುತ್ತದೆ. ದೋಸೆ ಹಿಟ್ಟು ನೆನಪು ಮಾಡಿಕೊಳ್ಳಿ. ಏಪ್ರಿಲ್‌ನಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ಪಾತ್ರೆ ಮೀರಿ ಉಕ್ಕಿರುತ್ತದೆ. ಜುಲೈ ಮಳೆಯಲ್ಲಿ ಮಧ್ಯಾಹ್ನವಾದರೂ ಹಾಗೇ ಕೂತಿರುತ್ತದೆ. ಲಾಗರ್, ಅಂದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ತಿಳಿ ಬಿಯರ್, ಅದರ ಯೀಸ್ಟ್ ಕೆಲಸ ಮಾಡುವುದೇ ಚಳಿಯಲ್ಲಿ, 10 ಡಿಗ್ರಿ ಆಸುಪಾಸು. ಆಮೇಲೆ ವಾರಗಟ್ಟಲೆ ಇನ್ನೂ ತಣ್ಣಗೆ ಇಡುತ್ತಾರೆ. ಅದಕ್ಕೇ ಅದರ ರುಚಿ ಅಷ್ಟು ತಿಳಿ.

ಇನ್ನೊಂದು ಮಾತು. ಜರ್ಮನಿಯ ಬವೇರಿಯಾದಲ್ಲಿ 1516ರ ಕಾನೂನು ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಮಾತ್ರ ಅಂದಿತ್ತು. ಗೋಧಿಗೆ ಅದರಲ್ಲಿ ಜಾಗ ಇರಲಿಲ್ಲ, ವಿಶೇಷ ಅಪ್ಪಣೆ ಇದ್ದವರಷ್ಟೇ ಮಾಡುತ್ತಿದ್ದರು. ತುಂಗಾತೀರ ಅವರ ಬಿಯರ್ ಹೀಗೆ ಉಳಿದು ಬಂದದ್ದು.

ಆಗುಂಬೆಮಳೆ:
ಎಲ್ಲರೂ ಸೇರಿ ಲಾಗರ್ ಅನ್ನು ಸಾದಾ ಅಂತ ಬದಿಗೆ ಸರಿಸಬೇಡಿ. ಹೊರಗೆ ಮಳೆ ಬೀಳುತ್ತಿರಬೇಕು, ಘಾಟಿ ಹತ್ತಿ ಬಂದ ಬಂಗುಡೆ ತವಾದ ಮೇಲೆ ಸದ್ದು ಮಾಡುತ್ತಿರಬೇಕು. ಆಗ ಬಾಳೆಹಣ್ಣಿನ ವಾಸನೆ ಯಾರಿಗೆ ಬೇಕು? ಮಸಾಲೆ ತೊಳೆದು ನಾಲಿಗೆ ಹಗುರ ಮಾಡುವುದು ಪಿಲ್ಸ್ನರ್ ಅನ್ನುವ ಲಾಗರ್. ಈಗಿನ ಚೆಕ್ ದೇಶದ ಪಿಲ್ಸೆನ್ ಊರಲ್ಲಿ 1842ರಲ್ಲಿ ಅದು ಹುಟ್ಟಿತು. ಅಲ್ಲಿಯ ನೀರು ತುಂಬಾ ಮೃದು, ಕಹಿ ಒರಟಾಗದೆ ಇರುವುದು ಅದರಿಂದ. ಮಾಡುವವರು ತಪ್ಪಿದರೆ ಮುಚ್ಚಿಡಲು ಹಣ್ಣಿಲ್ಲ, ಮಸಾಲೆಯಿಲ್ಲ.

ನನ್ನ ಸಿಟ್ಟು ಅಂಗಡಿಯವರ ಮೇಲೆ. ಒಮ್ಮೆ ಕಿಟಕಿ ಬಿಸಿಲಲ್ಲಿ ಜೋಡಿಸಿಟ್ಟಿದ್ದ ಹಸಿರು ಬಾಟಲಿ ತಂದೆ. ಮುಚ್ಚಳ ತೆಗೆದ ಕೂಡಲೇ ಕೆಟ್ಟ ನಾತ, ಪೂರ್ತಿ ಚೆಲ್ಲಿದೆ. ಬೆಳಕು ಬಿದ್ದರೆ ಹಾಪ್ಸ್ ಹಾಗಾಗುತ್ತದೆ. ಕಂದು ಬಾಟಲಿ ಇರುವುದು ಸುಮ್ನೆ ಅಲ್ಲ.

ತುಂಗಾತೀರ:
ಬಂಗುಡೆ ಜೊತೆ ಲಾಗರ್ ಅಂದರೆ ಒಪ್ಪಿದೆ. ಬರೀ ಬಿಯರ್ ಕುಡಿಯುವುದಾದರೆ ಈಗಲೂ ಗೋಧಿಯೇ. ಅವತ್ತು ನಾಲ್ಕನೇ ಲೋಟದಲ್ಲಿ ಸ್ಟೌಟ್ ಅನ್ನುವ ಕಪ್ಪು ಬಿಯರ್ ಇತ್ತು, ಐಸ್‌ನಷ್ಟು ತಣ್ಣಗೆ. ಏನೂ ರುಚಿ ಗೊತ್ತಾಗಲಿಲ್ಲ.

ಕಾಫಿತೋಟ:
ಅಯ್ಯೋ, ಅಷ್ಟು ತಣ್ಣಗೆ ಕುಡಿದರೆ ನಾಲಿಗೆ ಮರಗಟ್ಟುತ್ತದೆ, ಅಷ್ಟೇ. ಲೋಟ ಹತ್ತು ನಿಮಿಷ ಹಾಗೇ ಬಿಡಿ. ಹುರಿದ ಬಾರ್ಲಿಯ ವಾಸನೆ ನಿಧಾನಕ್ಕೆ ಏಳುತ್ತದೆ, ನಮ್ಮಲ್ಲಿ ಕಾಫಿ ಬೀಜ ಹುರಿಯುವ ದಿನ ಅಂಗಳದವರೆಗೆ ಬರುತ್ತದಲ್ಲ, ಹಾಗೆ. ಕಾಫಿ ಒಂದು ಚೂರೂ ಹಾಕದೆ!

ತುಂಗಾತೀರ:
ಹಾಗಾದ್ರೆ ಮುಂದಿನ ಸಲ ಮೊದಲು ಸ್ಟೌಟ್ ಹೇಳಿ ಪಕ್ಕಕ್ಕಿಟ್ಟು ಕಾಯ್ತೇನೆ. ಐಪಿಎ ಮಾತ್ರ ಬೇಡ.