ಬ್ಯಾಂಕ್ ಮೇಲೆ ನಿರ್ಬಂಧ ಬಿದ್ದಿದೆ, ಅಪ್ಪನ ಎಫ್‌ಡಿ ಗತಿ ಏನು? ಅನುಭವ ಇದ್ದವರು ಹೇಳಿ

ಪ್ರಶ್ನೆ (ಮುಲುಂಡ್, ಮುಂಬಯಿ)

ಎಲ್ಲರಿಗೂ ನಮಸ್ಕಾರ. ಅಪ್ಪ ಮೂವತ್ತು ವರ್ಷ ಇಲ್ಲಿ ಹೋಟೆಲಲ್ಲಿ ದುಡಿದು ಕೂಡಿಟ್ಟ ಹಣ ಒಂದು ಸಹಕಾರಿ ಬ್ಯಾಂಕಿನಲ್ಲಿದೆ. ಮೊನ್ನೆ ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹಾಕಿತು, ಹಣ ತೆಗೆಯಲು ಆಗುತ್ತಿಲ್ಲ. ಅಪ್ಪನ ಒಬ್ಬರ ಹೆಸರಲ್ಲಿ ಎರಡು ಎಫ್‌ಡಿ ಇವೆ, ಬಡ್ಡಿ ಸೇರಿ 5 ಲಕ್ಷ 20 ಸಾವಿರ. ಉಳಿತಾಯ ಖಾತೆಯಲ್ಲಿ 40 ಸಾವಿರ. ಅಪ್ಪ ಅಮ್ಮ ಇಬ್ಬರ ಹೆಸರಲ್ಲಿ ಇನ್ನೊಂದು ಎಫ್‌ಡಿ, 3 ಲಕ್ಷ. ಅಪ್ಪ ಊಟ ಸರಿಯಾಗಿ ಮಾಡುತ್ತಿಲ್ಲ. ರಸೀದಿಗಳನ್ನು ಕವರಿನಿಂದ ತೆಗೆಯುತ್ತಾರೆ, ನೋಡುತ್ತಾರೆ, ಮತ್ತೆ ಒಳಗಿಡುತ್ತಾರೆ. ಇದರಲ್ಲಿ ಎಷ್ಟು ವಾಪಸ್ ಬರುತ್ತದೆ? ನಾವು ಏನು ಮಾಡಬೇಕು?

ಡೊಂಬಿವಲಿಯಿಂದ

ತಂಗೀ, ಮೊದಲು ಅಪ್ಪನಿಗೆ ಧೈರ್ಯ ಹೇಳಿ. ನಾವೂ ಇದನ್ನು ದಾಟಿ ಬಂದವರು. ಬ್ಯಾಂಕಿನ ಹೆಸರು ಬೇಡ.

ನಿರ್ಬಂಧ ಬಿದ್ದ ಬೆಳಿಗ್ಗೆ ಶಟರ್ ಅರ್ಧ ಇಳಿದಿತ್ತು, ಗೇಟಿಗೆ ಒಂದು ನೋಟಿಸು. ಪಿಂಚಣಿ ಪಾಸ್‌ಬುಕ್ ಹಿಡಿದ ಅಜ್ಜಂದಿರು ಬಿಸಿಲಲ್ಲಿ ಸಾಲು ನಿಂತಿದ್ದರು. ಒಳಗಿದ್ದ ಸಿಬ್ಬಂದಿಗೂ ಜಾಸ್ತಿ ಏನೂ ಗೊತ್ತಿರಲಿಲ್ಲ. ಅವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. ಅವರ ಸಂಬಳವೂ ಅದೇ ಬ್ಯಾಂಕಿನ ಖಾತೆಗೇ ಬೀಳುತ್ತಿತ್ತು.

ನಿಮ್ಮ ಕೈಯಲ್ಲಿರುವ ಕೆಲಸ ಕಾಗದಪತ್ರದ್ದು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ವಿಮೆ ಇರುತ್ತದೆ. ಆ ವಿಮೆಯ ಹಣ ಬೇಕು ಎಂದು ಬರೆದುಕೊಡುವ ಒಪ್ಪಿಗೆ ಪತ್ರ ಒಂದಿರುತ್ತದೆ. ಅದನ್ನು ಬ್ಯಾಂಕಿನಲ್ಲೇ ಕೊಡಬೇಕು. ಜೊತೆಗೆ ಬೇರೆ ಬ್ಯಾಂಕಿನ ಖಾತೆ ನಂಬರು ಕೊಡಬೇಕು, ಹಣ ಬರುವುದು ಅಲ್ಲಿಗೆ. ಅಪ್ಪನಿಗೆ ಇನ್ನೊಂದು ಖಾತೆ ಇಲ್ಲದಿದ್ದರೆ ಈ ವಾರವೇ ತೆರೆಸಿ. ಜಂಟಿ ಎಫ್‌ಡಿಗೆ ನಮ್ಮಲ್ಲಿ ಇಬ್ಬರ ಸಹಿಯನ್ನೂ ಕೇಳಿದರು.

ನಮ್ಮವರಿಗೆ ಜಾಸ್ತಿ ತೊಂದರೆ ಕೊಡುವುದು ಹೆಸರು. ಹಳೆಯ ರಸೀದಿಯಲ್ಲಿ ಊರಿನ ಪದ್ಧತಿಯಂತೆ ಇನಿಶಿಯಲ್ ಮುಂದೆ ಇರುತ್ತದೆ. ಆಧಾರ್ ಮಾಡಿಸಿದಾಗ ಇಲ್ಲಿನ ಪದ್ಧತಿಯಂತೆ ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು ಬಂದಿರುತ್ತದೆ. ನಮ್ಮ ಮಾವನ ಅರ್ಜಿ ಇದೊಂದೇ ಕಾರಣಕ್ಕೆ ವಾಪಸ್ ಬಂತು. ಎರಡೂ ಹೆಸರಿನವನು ಒಬ್ಬನೇ ಎಂದು ಅಫಿಡವಿಟ್ ಮಾಡಿಸಿ, ಪ್ಯಾನ್ ಕಾರ್ಡ್ ಪ್ರತಿ ಸೇರಿಸಿ ಮತ್ತೆ ಕೊಟ್ಟೆವು. ಹಣ ಸಿಗುವವರ ಮೊದಲ ಪಟ್ಟಿ ತಪ್ಪಿಹೋಗಿತ್ತು, ಮುಂದಿನ ಪಟ್ಟಿಯಲ್ಲಿ ಹಣ ಬಂತು. ಹಾಗಾಗಿ ಇವತ್ತೇ ರಸೀದಿ, ಪಾಸ್‌ಬುಕ್, ಆಧಾರ್, ಪ್ಯಾನ್ ನಾಲ್ಕನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ.

ನಿಮ್ಮ ಹಣ ಬೇಗ ಬಿಡಿಸಿಕೊಡುತ್ತೇವೆ ಎಂದು ಫೋನ್ ಬಂದರೆ ಸುಮ್ನೆ ಕಟ್ ಮಾಡಿ. ಒಟಿಪಿ ಯಾರಿಗೂ ಕೊಡಬೇಡಿ.

ಪುಣೆಯಿಂದ, ನಿವೃತ್ತ ಬ್ಯಾಂಕ್ ನೌಕರ

ಮೇಲಿನವರು ಹೇಳಿದ್ದೆಲ್ಲ ಸರಿ. ಲೆಕ್ಕ ಹೇಗೆ ಎಂದು ನಾನು ಹೇಳುತ್ತೇನೆ.

ಈ ವಿಮೆ ಕೊಡುವುದು ಡಿಐಸಿಜಿಸಿ, ಅಂದರೆ ರಿಸರ್ವ್ ಬ್ಯಾಂಕಿನದೇ ಒಂದು ಅಂಗಸಂಸ್ಥೆ. ಪ್ರೀಮಿಯಂ ಕಟ್ಟುವುದು ಬ್ಯಾಂಕು, ನಾವಲ್ಲ. 1993ರಿಂದ ಒಂದು ಲಕ್ಷ ಇದ್ದ ಮಿತಿ 2020ರ ಫೆಬ್ರವರಿ 4ರಿಂದ 5 ಲಕ್ಷ ಆಯಿತು. ಅಸಲು ಬಡ್ಡಿ ಎರಡೂ ಇದರೊಳಗೆ. ಒಂದೊಂದು ಎಫ್‌ಡಿಗೆ 5 ಲಕ್ಷ ಎಂದು ಬಹಳ ಜನ ತಿಳಿದಿದ್ದಾರೆ, ಹಾಗಲ್ಲ. ಒಬ್ಬರ ಹೆಸರಲ್ಲಿ ಆ ಬ್ಯಾಂಕಿನ ಎಲ್ಲ ಶಾಖೆಗಳಲ್ಲಿರುವ ಎಫ್‌ಡಿ, ಆರ್‌ಡಿ, ಉಳಿತಾಯ ಎಲ್ಲವನ್ನೂ ಕೂಡಿಸಿ 5 ಲಕ್ಷ. ಆದರೆ ಜಂಟಿ ಖಾತೆಯ ಲೆಕ್ಕ ಬೇರೆಯೇ. ಅದಕ್ಕೆ ಪ್ರತ್ಯೇಕವಾಗಿ 5 ಲಕ್ಷದವರೆಗೆ ಸಿಗುತ್ತದೆ.

ನಿಮ್ಮ ಅಪ್ಪನ ಹೆಸರಲ್ಲಿ 5 ಲಕ್ಷ 60 ಸಾವಿರ ಇದೆ. ಅದರಲ್ಲಿ 5 ಲಕ್ಷ ಬರುತ್ತದೆ. ಅಪ್ಪ ಅಮ್ಮನ 3 ಲಕ್ಷ ಪೂರ್ತಿ ಬರುತ್ತದೆ. ಹೊರಗೆ ಉಳಿಯುವುದು 60 ಸಾವಿರ ಮಾತ್ರ.

ಎಷ್ಟು ದಿನ ಎಂದರೆ, ಮೊದಲು ಇದಕ್ಕೆ ಮಿತಿಯೇ ಇರಲಿಲ್ಲ. ಬ್ಯಾಂಕಿನ ಲೈಸೆನ್ಸ್ ರದ್ದಾದ ಮೇಲೆಯೇ ವಿಮೆ. ನಮ್ಮ ಪುಣೆಯ ರುಪೀ ಬ್ಯಾಂಕ್ ಮೇಲೆ 2013ರಲ್ಲಿ ನಿರ್ಬಂಧ ಬಿತ್ತು, ಲೈಸೆನ್ಸ್ ರದ್ದಾದದ್ದು 2022ರಲ್ಲಿ. ಅಷ್ಟು ವರ್ಷ ಜನ ಕಾದರು. ಮಗಳ ಮದುವೆ, ಆಪರೇಷನ್ ಎಂದು ಇಟ್ಟ ಹಣ ಕಣ್ಣೆದುರಿಗೇ ಇದ್ದೂ ಕೈಗೆ ಸಿಗದ ಸಂಕಟ ಈ ಊರಿಗೆ ಚೆನ್ನಾಗಿ ಗೊತ್ತು. ಮುಂಬಯಿಯಲ್ಲಿ 2019ರ ಸೆಪ್ಟೆಂಬರಲ್ಲಿ ಪಿಎಂಸಿ ಬ್ಯಾಂಕಿಗೂ ಹೀಗೇ ಆಯಿತು. ಮೊದಲು ತೆಗೆಯಲು ಬಿಟ್ಟದ್ದು ಬರೀ ಒಂದು ಸಾವಿರ ರೂಪಾಯಿ. ಆ ಠೇವಣಿದಾರರು ಬೀದಿಗಿಳಿದು ಹೋರಾಡಿದ್ದರ ಫಲವನ್ನು ಇವತ್ತು ನಾವೆಲ್ಲ ಉಣ್ಣುತ್ತಿದ್ದೇವೆ ಎಂದೇ ನನ್ನ ಭಾವನೆ. 2021ರಲ್ಲಿ ಕಾಯ್ದೆ ತಿದ್ದಿದರು. ಈಗ ನಿರ್ಬಂಧ ಬಿದ್ದ 45 ದಿನದೊಳಗೆ ಬ್ಯಾಂಕ್ ತನ್ನ ಠೇವಣಿದಾರರ ಪಟ್ಟಿಯನ್ನು ಡಿಐಸಿಜಿಸಿಗೆ ಕೊಡಬೇಕು. ಪರಿಶೀಲನೆಗೆ 30 ದಿನ, ಹಣ ಹಾಕಲು 15 ದಿನ, ಒಟ್ಟು 90. ಬೇರೆ ಬ್ಯಾಂಕಿನ ಜೊತೆ ವಿಲೀನದ ಮಾತು ನಡೆದಿದ್ದರೆ ಇನ್ನೂ 90 ದಿನ ಮುಂದೆ ಹೋಗಬಹುದು.

ಡಿಐಸಿಜಿಸಿ ಆಫೀಸು ಮುಂಬಯಿ ಸೆಂಟ್ರಲ್ ಸ್ಟೇಷನ್ ಎದುರಿಗೇ ಇದೆ ಎಂದು ವಯಸ್ಸಾದವರನ್ನು ಅಲ್ಲಿಗೆ ಅಲೆಸಬೇಡಿ. ಎಲ್ಲವೂ ನಿಮ್ಮ ಬ್ಯಾಂಕಿನ ಮೂಲಕವೇ ಆಗಬೇಕು.

ಮಡಗಾಂವ್, ಗೋವಾದಿಂದ

ಒಂದೇ ಮಾತು. ಇದು ಬ್ಯಾಂಕಿಗೆ ಮಾತ್ರ. ಪತ್‌ಪೇಢಿ, ಕ್ರೆಡಿಟ್ ಸೊಸೈಟಿಗಳಲ್ಲಿಟ್ಟ ಹಣಕ್ಕೆ ಈ ವಿಮೆ ಇಲ್ಲ. ನಮ್ಮ ಮನೆಯವರ ಹಣ ಒಂದು ಸೊಸೈಟಿಯಲ್ಲಿ ಸಿಕ್ಕಿಹಾಕಿಕೊಂಡಿದೆ. ವಸೂಲಾದಾಗ ಕೊಡುತ್ತೇವೆ ಅನ್ನುತ್ತಾರೆ. ಅಪ್ಪ ಅಮ್ಮ ಬೇರೆಲ್ಲಾದರೂ ಇಟ್ಟಿದ್ದರೆ ಅದು ಬ್ಯಾಂಕೋ ಸೊಸೈಟಿಯೋ ಎಂದು ಮೊದಲು ನೋಡಿ. ಡಿಐಸಿಜಿಸಿ ವೆಬ್‌ಸೈಟಿನಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿ ಇದೆ.

ಅಂಧೇರಿಯಿಂದ

ಅಕ್ಕಾ, ನಿರ್ಬಂಧ ಅಂದಕೂಡಲೇ ಬ್ಯಾಂಕ್ ಮುಳುಗಿತು ಅಂತಲ್ಲ. ನ್ಯೂ ಇಂಡಿಯಾ ಸಹಕಾರಿ ಬ್ಯಾಂಕಿನ ಮೇಲೆ 2025ರ ಫೆಬ್ರವರಿ 13ರಂದು ನಿರ್ಬಂಧ ಬಿತ್ತು. ಅದೇ ತಿಂಗಳ ಕೊನೆಗೆ 25 ಸಾವಿರದವರೆಗೆ ತೆಗೆಯಲು ಬಿಟ್ಟರು. ಆಗಸ್ಟ್ 4ಕ್ಕೆ ಅದು ಸಾರಸ್ವತ ಬ್ಯಾಂಕಿನಲ್ಲಿ ವಿಲೀನ ಆಯಿತು. ಆದರೆ ಎಲ್ಲ ವಿಲೀನವೂ ಒಂದೇ ಥರ ಇರುವುದಿಲ್ಲ. ಪಿಎಂಸಿ 2022ರ ಜನವರಿಯಲ್ಲಿ ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿಗೆ ಸೇರಿದಾಗ, 5 ಲಕ್ಷಕ್ಕಿಂತ ಮೇಲಿದ್ದವರಿಗೆ ಹತ್ತು ವರ್ಷದವರೆಗಿನ ಕಂತು ಹಾಕಿದರು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಇನ್ನು ಎರಡು ಸಂಶಯ ಇವೆ. ಈಗಲೇ ಒಂದು ಎಫ್‌ಡಿ ಮುರಿದು ತಮ್ಮನ ಹೆಸರಿಗೆ ಹಾಕಿಸಿ ಎಂದು ಚಿಕ್ಕಪ್ಪ ಹೇಳುತ್ತಿದ್ದಾರೆ. ಮತ್ತೆ, ಅಪ್ಪ ತಮ್ಮ ಎಫ್‌ಡಿ ಮೇಲೆ 70 ಸಾವಿರ ಸಾಲ ತೆಗೆದಿದ್ದಾರಂತೆ, ಈಗ ಹೇಳಿದರು. ಅದು ಏನಾಗುತ್ತದೆ?

ಪುಣೆಯಿಂದ, ನಿವೃತ್ತ ಬ್ಯಾಂಕ್ ನೌಕರ

ಚಿಕ್ಕಪ್ಪ ಹೇಳಿದ್ದು ಈಗ ಆಗುವುದಿಲ್ಲ ಮೇಡಂ. ನಿರ್ಬಂಧ ಬಿದ್ದ ದಿನ ಯಾರ ಹೆಸರಲ್ಲಿ ಎಷ್ಟಿತ್ತೋ ಅದೇ ಲೆಕ್ಕ. ಅವಧಿ ಮುಗಿದ ಎಫ್‌ಡಿಯನ್ನು ಸಾಮಾನ್ಯವಾಗಿ ಅದೇ ಹೆಸರಲ್ಲಿ ಮುಂದುವರಿಸಲು ಬಿಡುತ್ತಾರೆ, ಹೆಸರು ಬದಲಿಸಲು ಬಿಡುವುದಿಲ್ಲ.

ಸಾಲದ ವಿಷಯದಲ್ಲಿ ಗಾಬರಿ ಬೇಡ, ಅದು ನಿಮಗೆ ಅನುಕೂಲವೇ ಆಯಿತು. ಬ್ಯಾಂಕಿಗೆ ಬರಬೇಕಾದ ಸಾಲವನ್ನು ಮೊದಲು ಠೇವಣಿಯಲ್ಲಿ ಕಳೆಯುತ್ತಾರೆ. 5 ಲಕ್ಷದ ಮಿತಿ ನೋಡುವುದು ಆಮೇಲೆ. ಅಪ್ಪನ 5 ಲಕ್ಷ 60 ಸಾವಿರದಲ್ಲಿ 70 ಸಾವಿರ ಕಳೆದರೆ 4 ಲಕ್ಷ 90 ಸಾವಿರ. ಮಿತಿಯೊಳಗೇ ಬಂತು, ಅಲ್ವಾ? ಹೊರಗೆ ಉಳಿಯುತ್ತದೆ ಅಂದಿದ್ದ 60 ಸಾವಿರವೂ ಸಾಲಕ್ಕೇ ಜಮಾ ಆಗಿ ಉಳಿಯಿತು. ಸಾಲದ ಬಡ್ಡಿ ಸೇರಿದರೆ ಅಂಕಿ ಸ್ವಲ್ಪ ಆಚೀಚೆ ಆಗಬಹುದು. ಒಪ್ಪಿಗೆ ಪತ್ರ ಕೊಡುವಾಗಲೇ ಆ ಸಾಲದ ಖಾತೆಯ ಸ್ಟೇಟ್‌ಮೆಂಟ್ ಕೇಳಿ ತೆಗೆದುಕೊಳ್ಳಿ. ಅದನ್ನು ಕೈಯಿಂದ ಕಟ್ಟಿ ತೀರಿಸಲು ಮಾತ್ರ ಹೋಗಬೇಡಿ.