ಸಹಾಯ ಬೇಕು: ಅಪ್ಪನ ಹೆಸರಲ್ಲಿರುವ ಕಾರು, ಓಡಿಸುವುದು ಭಾವ – ಬಾಕಿ ದಂಡ ಪೂರ್ತಿ ನೋಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನ ಹೆಸರಲ್ಲಿ ಒಂದು ಕಾರಿದೆ. ಅಪ್ಪ ಇರುವುದು ಸಾಗರದಲ್ಲಿ, ಕಾರು ಓಡಿಸುವುದು ಬೆಂಗಳೂರಲ್ಲಿರುವ ಭಾವ. ಈಗ ಅದನ್ನು ಭಾವನ ಹೆಸರಿಗೇ ಮಾಡಿಸಬೇಕು. ಅದಕ್ಕೂ ಮೊದಲು ದಂಡ ಏನಾದರೂ ಬಾಕಿ ಇದ್ದರೆ ಕಟ್ಟಿ ಮುಗಿಸೋಣ ಅಂತ.

ಭಾವನನ್ನು ಕೇಳಿದರೆ 'ಒಂದೂ ಇಲ್ಲ ಬಿಡು' ಅಂತಾರೆ. ಆದರೆ ಈಗ ಪೊಲೀಸರು ಅಡ್ಡ ಹಾಕಿ ರಸೀದಿ ಕೊಡುವ ಕಾಲ ಅಲ್ಲವಲ್ಲ. ಸಿಗ್ನಲ್ಲಿನ ಕ್ಯಾಮೆರಾ ಫೋಟೋ ಹೊಡೆದರೆ ಓಡಿಸಿದವರಿಗೆ ಗೊತ್ತೇ ಆಗುವುದಿಲ್ಲ. ಎಸ್‌ಎಂಎಸ್ ಬರುವುದು ಆರ್‌ಸಿಗೆ ಜೋಡಿಸಿದ ನಂಬರಿಗೆ, ಅಪ್ಪನ ಆ ಸಿಮ್ ಬಂದ್ ಆಗಿ ವರ್ಷಗಳೇ ಆದವು.

ಬೆಂಗಳೂರು ಸಂಚಾರ ಪೊಲೀಸರ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿದೆ. ಹೆಲ್ಮೆಟ್ ಇಲ್ಲದ್ದಕ್ಕೆ ಒಂದು ದಂಡ ತೋರಿಸಿತು. ಕಾರಿಗೆ ಹೆಲ್ಮೆಟ್ಟಾ! ಯಾರದೋ ಸ್ಕೂಟರ್ ನಂಬರ್ ತಪ್ಪು ಓದಿರಬೇಕು. ಕೇಂದ್ರ ಸರ್ಕಾರದ ದಂಡದ ಜಾಲತಾಣ ಪರಿವಾಹನ್ ಇ-ಚಲನ್‌ನಲ್ಲಿ ಚಾಸಿ ನಂಬರಿನ ಕೊನೆಯ 5 ಅಂಕಿ ಹಾಕಿ ನೋಡಿದರೆ ಬೇರೆಯದೇ ಪಟ್ಟಿ. ಅತಿ ವೇಗದ್ದು, ಮೈಸೂರು ರಸ್ತೆಯದು.

ಗೊತ್ತಿದ್ದವರು ಹೇಳಿ. ಎರಡೂ ಕಡೆಯದನ್ನು ಬೇರೆ ಬೇರೆಯಾಗಿ ಕಟ್ಟಬೇಕಾ? ಬೆಂಗಳೂರು ಒನ್ ಸರ್ಕಾರಿ ಸೇವಾ ಕೇಂದ್ರದಲ್ಲಿ ಎಲ್ಲಾ ಒಟ್ಟಿಗೆ ಸಿಗುತ್ತಾ? ಆ ಹೆಲ್ಮೆಟ್ ದಂಡ ತೆಗೆಸಲು ಫೋಟೋ ಸಮೇತ ಆನ್‌ಲೈನಲ್ಲೇ ದೂರು ಕೊಟ್ಟರೆ ಸಾಕಾ, ಅಪ್ಪನೇ ಬರಬೇಕಾ? ಅವರಿಗೆ ಮಂಡಿನೋವು, ಸುಮ್ನೆ ಓಡಾಡಿಸೋಕೆ ಇಷ್ಟ ಇಲ್ಲ. 2023ರಲ್ಲಿ ಕೊಟ್ಟಂತೆ ಅರ್ಧ ರಿಯಾಯಿತಿ ಬರಲಿ ಅಂತ ಕಾಯಿರಿ ಎನ್ನಬೇಡಿ ದಯವಿಟ್ಟು, ಭಾವ ಆಗಲೇ ಅದನ್ನೇ ಹೇಳುತ್ತಿದ್ದಾರೆ.