ಈಶ್ವರಿ ಬಳ್ಳಿಯ ಹುಳು: ಸದರ್ನ್ ಬರ್ಡ್‌ವಿಂಗಾ, ಕಾಮನ್ ರೋಸಾ?

ತೋಟದಂಚು: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಬೇಲಿಯ ಈಶ್ವರಿ ಬಳ್ಳಿಯಲ್ಲಿ ಕಡುಗೆಂಪು ಹುಳುಗಳಿವೆ. ಮೈತುಂಬ ಮೆತ್ತನೆ ಮುಳ್ಳು, ನಡುವೆ ಬಿಳಿ ಪಟ್ಟೆ. ಯಾವ ಚಿಟ್ಟೆಯದ್ದು? ಎಲೆ ಅರ್ಧ ಖಾಲಿಯಾಗಿದೆ, ಅಡಿಕೆಗೆ ಬೋರ್ಡೋ (ಕೊಳೆರೋಗ ತಡೆಯುವ ತುತ್ತ-ಸುಣ್ಣದ ದ್ರಾವಣ) ಹೊಡೆಯುವ ಸಮಯವೂ ಬಂತು.

ಎಲೆಯಡಿ: ಬಣ್ಣ ಬಿಡಿ, ಪಟ್ಟೆ ನೋಡಿ. ಕಾಮನ್ ರೋಸ್‌ನದ್ದು ಬೆನ್ನಿಗೆ ಉಂಗುರ ತೊಡಿಸಿದಂತೆ ನೇರ ಅಡ್ಡಪಟ್ಟೆ. ಬರ್ಡ್‌ವಿಂಗ್‌ನದ್ದು ಪಕ್ಕದಲ್ಲಿ ಓರೆಯಾಗಿ ಇಳಿಯುತ್ತದೆ, ತುಸು ಗುಲಾಬಿ ಛಾಯೆ. ಬಲಿತ ಮೇಲೆ ಗಾತ್ರವೇ ಹೇಳುತ್ತದೆ, ರೋಸ್ ಅದರ ಮುಂದೆ ಕುಳ್ಳ. ಮುಟ್ಟಿದರೆ ತಲೆಯ ಹಿಂದೆ ಕಿತ್ತಳೆ ಕೊಂಬು ಚಾಚುವುದು ಎರಡರಲ್ಲೂ ಇದೆ, ಅದನ್ನು ನಂಬಬೇಡಿ.

ಬೇರುಬಿಳಲು: ಮೇವಿನದೇ ದೊಡ್ಡ ಚಿಂತೆ. ಬಲಿತ ಬರ್ಡ್‌ವಿಂಗ್ ಹುಳು ಎಲೆ ಮುಗಿಸಿ ಕಾಂಡದ ಸಿಪ್ಪೆಗೂ ಬಾಯಿ ಹಾಕುತ್ತದೆ, ಮೇಲಿನ ಬಳ್ಳಿ ಒಣಗುತ್ತದೆ. ಬುಡ ಉಳಿದರೆ ಮಳೆಗೆ ಚಿಗುರುತ್ತದೆ, ಆದ್ದರಿಂದ ಕಳೆ ಕತ್ತರಿಸುವವರಿಗೆ ಮೊದಲೇ ತೋರಿಸಿಡಿ. ಹುಳು ಸ್ಥಳಾಂತರಿಸುವುದಾದರೆ ಕೂತ ಎಲೆಯ ಸಮೇತ ಕತ್ತರಿಸಿ ಇನ್ನೊಂದು ಈಶ್ವರಿ ಬಳ್ಳಿಗೆ ಕಟ್ಟಿ. ನರ್ಸರಿಯ ಅಲಂಕಾರದ ಡಚ್‌ಮನ್ಸ್ ಪೈಪ್ ಬಳ್ಳಿ ಬೇಡವೇ ಬೇಡ: ಆಸ್ಟ್ರೇಲಿಯಾದ ರಿಚ್‌ಮಂಡ್ ಬರ್ಡ್‌ವಿಂಗ್ ಅದರ ಮೇಲೆ ಮೊಟ್ಟೆಯಿಡುತ್ತದೆ, ಮರಿಗಳು ತಿಂದು ಸಾಯುತ್ತವೆ.

ಬೋರ್ಡೋ ದಿನ ಬಳ್ಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸಿಂಪಡಣೆ ಮುಗಿದ ಕೂಡಲೇ ತೆಗೆಯಿರಿ. ಬಿಸಿಲಲ್ಲಿ ಬಿಟ್ಟರೆ ಹುಳುಗಳು ಒಳಗೇ ಬೆಂದುಹೋಗುತ್ತವೆ.

ಹೊಸ ಸಸಿಗೆ ಈಶ್ವರಿಯ ಕಾಯಿ ಬಿರಿಯುವ ಮುನ್ನ ಕೊಯ್ಯಿರಿ. ತೊಟ್ಟಿನ ಕಡೆಯಿಂದ ಬಿಚ್ಚಿಕೊಂಡರೆ ತೆಳು ಬೀಜ ಗಾಳಿಗೆ ಹೋಗುತ್ತವೆ. ಬುಡಕ್ಕೆ ನೆರಳು, ತುದಿಗೆ ಬೆಳಕು ಸಿಗುವ ಮರಕ್ಕೆ ಹಬ್ಬಿಸಿ.

ತೋಟದಂಚು: ಪಟ್ಟೆ ಓರೆಯೇ! ಗೂಡು ಸಿಕ್ಕರೆ ಒಳಗೆ ತಂದಿಡಬಹುದಾ?

ಎಲೆಯಡಿ: ಬೇಡ. ಸೊಂಟಕ್ಕೆ ರೇಷ್ಮೆ ದಾರ ಬಿಗಿದು ನಿಂತಿರುತ್ತದೆ, ಕಿತ್ತರೆ ದಾರ ಹರಿದು ಚಿಟ್ಟೆ ರೆಕ್ಕೆ ಬಿಡಿಸಲಾರದೆ ಸೊಟ್ಟಗಾಗುತ್ತದೆ. ಮುಟ್ಟಿದಾಗ ಬುಸ್ಸೆನ್ನುವುದು ಹೆದರಿಸಲಷ್ಟೇ. ಮೂರು ವಾರದ ಆಸುಪಾಸಿನಲ್ಲಿ ಹೊರಬರುತ್ತದೆ. ಹಿಂರೆಕ್ಕೆಯ ಹಳದಿಯೊಳಗೆ ಕಪ್ಪು ಚುಕ್ಕೆಗಳ ಸಾಲಿದ್ದರೆ ಹೆಣ್ಣು. ಅಂಚು ಮಾತ್ರ ಕಪ್ಪಾದರೆ ಗಂಡು. ಹೆಣ್ಣಿನ ರೆಕ್ಕೆಯಗಲ 190 ಮಿ.ಮೀ.ವರೆಗೂ ಹೋಗುತ್ತದೆ.

ಬೇರುಬಿಳಲು: ಇನ್ನೊಂದು, ಹಾವಿನ ಮದ್ದೆಂದು ಈಶ್ವರಿ ಬೇರು ತೇದು ಕುಡಿಸುವವರಿದ್ದಾರೆ. ಹುಳು ಬಳ್ಳಿಯಿಂದ ಪಡೆದು ಚಿಟ್ಟೆಯನ್ನು ಹಕ್ಕಿಗಳಿಂದ ಕಾಯುವ ಅದೇ ವಿಷ, ಅರಿಸ್ಟೊಲೋಕಿಕ್ ಆಮ್ಲ, ಮನುಷ್ಯರ ಕಿಡ್ನಿ ಹಾಳುಮಾಡುತ್ತದೆ.